ಹದಿನಾಲ್ಕು ಮುಂಜಾನೆಯ ವಿಡಿಯೊ

ಹದಿನಾಲ್ಕು ವಿಡಿಯೊಗಳಲ್ಲಿ ನಾಲ್ಕು ಕೆಟ್ಟಿದ್ದವು. ನರ್ಸ್ ರಾಜಶ್ರೀ ಅವನ್ನು ಎರಡೆರಡು ಸಲ ಹಾಕಿ ನೋಡಿದಳು. ಮಗು ಹಾಸಿಗೆಯ ಮೇಲೆ ಎದ್ದು ಕೂತಿರುತ್ತದೆ. ಇದ್ದಕ್ಕಿದ್ದಂತೆ ಚಿತ್ರ ಜಾರುತ್ತದೆ. ಒಂದು ನಿಮಿಷ ಬರೀ ಗೋಡೆ. ಆಮೇಲೆ ಮತ್ತೆ ಮಗು.

“ನಡುವ ಯಾರ ಕೈ ತಾಗೇತ್ರಿ?”

“ಇಕೀನ ಕೇಳ್ರಿ,” ಎಂದು ರೋಷನಬಿ ಸೊಸೆಯ ಕಡೆ ಗದ್ದ ತಿರುಗಿಸಿದಳು.

ಸೊಸೆ ಶೈಸ್ತಾ ಏಳು ವರ್ಷದ ಮಗಳು ಕೈನಾತಳನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಕಾಲ ಹತ್ತಿರ ಅವಳ ಬಟ್ಟೆಯ ಚೀಲ. ತುಂಬಿದವಳು ಅತ್ತೆ. ಹಳಿಯಾಳದ ಆಸ್ಪತ್ರೆಯ ಈ ತಪಾಸಣೆ ಮುಗಿದ ಮೇಲೆ ಶೈಸ್ತಾ ಗಂಡನ ಮನೆಗೆ ದಾಂಡೇಲಿಯ ಬಸ್ಸು ಹತ್ತಬೇಕೋ, ತವರೂರು ಮಳಗಿಯ ದಾರಿ ಹಿಡಿಯಬೇಕೋ ಎಂಬುದು ಡಾಕ್ಟರ ಒಂದು ಮಾತಿನ ಮೇಲಿತ್ತು. ಮಳಗಿಗಾದರೆ ಒಬ್ಬಳೇ. ಮಗು ಗಂಡನ ಮನೆಯಲ್ಲಿ.

ಮಕ್ಕಳ ಫಿಟ್ಸ್ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರು ಕಿರಣಕುಮಾರ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಬರುತ್ತಿದ್ದರು. ಯಾವ ಬಗೆಯ ಫಿಟ್ಸಿಗೆ ಯಾವ ಔಷಧ ಹಿಡಿಸುತ್ತದೆ ಎಂದು ನೋಡುವ ಕೆಲಸ. ಕೈನಾತಳಿಗೆ ಮುಂಜಾನೆ ಎದ್ದ ಕೂಡಲೇ ಕೈ ಜಾಡಿಸುತ್ತಿತ್ತು, ಹಿಡಿದ ಲೋಟ ಹಾರಿ ಬೀಳುತ್ತಿತ್ತು. ಎರಡು ಔಷಧ ಬದಲಾಗಿದ್ದವು. ಎರಡೂ ಹಿಡಿಸಿರಲಿಲ್ಲ. ಹದಿನಾಲ್ಕು ದಿನ, ಎದ್ದಾಗಿನಿಂದ ಅರ್ಧ ಗಂಟೆ, ಮಗುವನ್ನು ಫೋನಿನಲ್ಲಿ ಹಿಡಿದು ತನ್ನಿ ಎಂದಿದ್ದರು. ಕೈಯಲ್ಲಿ ಒಂದು ಫಾರ್ಮನ್ನೂ ಕೊಟ್ಟಿದ್ದರು. ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯೇ, ತಾಯಿಯ ಕಡೆಯೋ, ತಂದೆಯ ಕಡೆಯೋ?

ಆ ಪ್ರಶ್ನೆ ಕೇಳಿದ ದಿನವೇ ರೋಷನಬಿಗೆ ಎಲ್ಲ ತಿಳಿದುಹೋಯಿತು.

“ನಮ್ಮ ಕಡೆ ಯಾರಿಗೂ ಇಲ್ಲ. ತವರಿಂದ ಕಟಗೊಂಡ ಬಂದಾಳ. ಲಗ್ನದಾಗ ಮುಚ್ಚಿಟ್ಟಾರ.”

“ನಮ್ಮ ಮನ್ಯಾಗೂ ಯಾರಿಗೂ ಇಲ್ರೀ ಅಮ್ಮೀ.”

“ಡಾಕ್ಟರು ಹೇಳ್ಲಿ. ಆಗ ಚೀಲ ಹೊತಗೊಂಡ ನಡಿ.”

ಗಂಡ ಹಾಶಿಮ ಗ್ಯಾರೇಜಿನಿಂದ ಬಂದು, ಕೈಗೆ ಹತ್ತಿದ ಗ್ರೀಸು ತೊಳೆಯುತ್ತ, “ನೋಡೂಣು” ಎಂದಷ್ಟೇ ಅಂದ. ತಾಯಿಯ ಎದುರು ಅವನು ಅದಕ್ಕಿಂತ ಹೆಚ್ಚು ಮಾತಾಡಿದ್ದು ಯಾರಿಗೂ ನೆನಪಿಲ್ಲ.

ತಾಯಿಯ ಸಿಟ್ಟು ಹಾಗಿತ್ತು. ಬೈದರೆ ಬೈಸಿಕೊಳ್ಳಬಹುದು. ರೋಷನಬಿ ಕೆಲವೊಮ್ಮೆ ಬೈಯುವುದನ್ನೂ ನಿಲ್ಲಿಸಿ, ಎಲ್ಲೋ ನೋಡುತ್ತ ಕೂತುಬಿಡುತ್ತಿದ್ದಳು. ಕರೆದರೆ ಓಗೊಡುತ್ತಿರಲಿಲ್ಲ. ಮುಂದೆ ಇಟ್ಟ ಚಹಾ ಮುಟ್ಟುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯವರು ಸದ್ದು ಮಾಡದೆ ಬೇರೆ ಕೋಣೆಗೆ ಸರಿಯುತ್ತಿದ್ದರು. ಆಮೇಲೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಶೈಸ್ತಾ ಮದುವೆಯಾಗಿ ಬಂದ ವಾರದಲ್ಲೇ ಇದನ್ನು ಕಲಿತಿದ್ದಳು.

ಫೋನನ್ನೂ ರೋಷನಬಿಯೇ ತೆಗೆದುಕೊಂಡಳು.

“ನೀ ಹೆತ್ತಾಕಿ. ಫಿಟ್ಸ್ ಬಂದ್ರ ಮುಚ್ಚತಿ. ಒಲಿ ಮುಂದ ಇರು, ನಾ ಕರಿಯೂತನಕ ಹೊರಗ ಬರಬ್ಯಾಡ.”

ಹದಿನಾಲ್ಕು ದಿನ ಶೈಸ್ತಾ ಮುಚ್ಚಿದ ಬಾಗಿಲ ಹಿಂದೆ ನಿಂತಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಕೈ ಸುಮ್ಮನಿರದೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಮೂರನೆಯ ದಿನ ಆಚೆಯಿಂದ ಮಗಳು ಅಜ್ಜಿಯನ್ನು ಕರೆಯುವ ದನಿ ಬಂತು. “ದಾದಿ. ದಾದಿ.” ಅತ್ತೆಯ ಉತ್ತರವಿಲ್ಲ. ಶೈಸ್ತಾ ಚಿಲಕಕ್ಕೆ ಕೈ ಹಾಕಿದಳು, ಮತ್ತೆ ಕೈ ಹಿಂದೆಗೆದಳು. ಹೋದರೆ ಮುಚ್ಚಿಡಲು ಬಂದಳು ಎನ್ನುತ್ತಾರೆ. ಹೋಗದಿದ್ದರೆ, ಮಗುವಿಗೆ ಏನಾದರೂ ಆದರೆ? ಏಳನೆಯ ದಿನವೂ ಹಾಗೇ. ಒಂಬತ್ತನೆಯ ದಿನವೂ.

ಹದಿಮೂರನೆಯ ದಿನ ತಡೆಯಲಾಗಲಿಲ್ಲ. ಬಾಗಿಲು ದೂಡಿ ನೇರ ಹಾಸಿಗೆಗೆ ಓಡಿದಳು, ಮಗಳ ಮುಖ ಎರಡೂ ಕೈಯಲ್ಲಿ ಹಿಡಿದಳು. ಕೈನಾತ ಚೆನ್ನಾಗಿಯೇ ಇದ್ದಳು. ಬೆನ್ನ ಹಿಂದಿನಿಂದ ಅತ್ತೆಯ ಮಾತು ಬಂತು.

“ನನ್ನ ಕೈ ಯಾಕ ದೂಡಿದಿ?”

“ನಾ ಮುಟ್ಟಿಲ್ರೀ ಅಮ್ಮೀ.”

“ಫೋನ್ ತಾನ ಬಗ್ಗೇತೇನು ಹಂಗಾರ?”

ಅಂದು ಸಂಜೆಯೇ ಚೀಲ ತುಂಬಿತು.

ಈಗ ಡಾಕ್ಟರು ಒಳಗೆ ಬಂದರು. ಕೆಟ್ಟ ನಾಲ್ಕನ್ನೇ ಮೊದಲು ಹಾಕಿ ಎಂದರು. ಗೋಡೆ ಬಂದ ಕೂಡಲೇ ಸದ್ದು ಪೂರ್ತಿ ಏರಿಸಿದರು. ದೂರದಲ್ಲಿ ಪಾತ್ರೆಯ ಸಪ್ಪಳ. ಹತ್ತಿರದಲ್ಲಿ “ದಾದಿ” ಎಂಬ ಮಗುವಿನ ದನಿ. ಅದಕ್ಕಿಂತ ಹತ್ತಿರದಲ್ಲಿ, ಫೋನಿಗೆ ಬಾಯಿ ಹಚ್ಚಿದಂತೆ, ಚಪ್ ಚಪ್ ಎಂದು ಏನನ್ನೋ ಮೆಲ್ಲುವ ಸದ್ದು.

“ಎಲಿ ಅಡಕಿ ಹಾಕ್ಕೋತೀರೇನ್ರೀ ಅಮ್ಮಾ?”

“ಹಾಕ್ಕೋತೇನಿ. ಆದ್ರ ಚಹಾ ಕುಡಿಯೂತನಕ ಬಾಯಾಗ ಏನೂ ಇಡೂದಿಲ್ಲ.”

“ಪಾತ್ರಿ ಸಪ್ಪಳ ಯಾರದು?”

“ಇಕೀದು, ಅಡಗಿಮನ್ಯಾಗ. ಹದಿಮೂರನೇ ದಿನ ಹೊರಗ ಓಡಿ ಬಂದ್ಲಲ್ಲ, ಅದನ್ನ ನೋಡ್ರಿ.”

ಡಾಕ್ಟರು ಅದನ್ನು ಮತ್ತೆ ಹಾಕಿ ನೋಡಿದರು. ಮೊದಲು ಚಿತ್ರ ಜಾರಿತು. ಬಾಗಿಲು ತೆರೆದ ಸದ್ದು ಬಂದದ್ದು ಆಮೇಲೆ. ಅವರು ಮಗುವಿನ ಕಡೆ ಬಾಗಿದರು.

“ಕೈನಾತ, ನೀ ಕರದಾಗ ದಾದಿ ಏನ್ ಮಾಡ್ತಿದ್ರವಾ?”

“ಸಿಟ್ಟಾಗಿದ್ರು. ಸಿಟ್ಟ ಬಂದ್ರ ದಾದಿ ಮಾತಾಡೂದಿಲ್ರಿ. ಬಾಯಿ ಅಷ್ಟ ಆಡಸ್ತಾರ.”

“ಹುಡುಗೀ ಮಾತ ಏನ್ ಕೇಳ್ತೀರಿ,” ಎಂದಳು ರೋಷನಬಿ. ಎದ್ದು ನಿಂತು ಸೊಸೆಯ ಚೀಲವನ್ನು ಕಾಲಿನಿಂದ ಬಾಗಿಲ ಕಡೆ ಸರಿಸಿದಳು. “ಈ ರೋಗ ಯಾರ ಕಡೆ ಐತಿ, ಅಷ್ಟ ಬರದು ಕೊಡ್ರಿ. ಬಸ್ಸಿಗೆ ವ್ಯಾಳ್ಯಾ ಆತು.”

ಶೈಸ್ತಾ ಮಗಳನ್ನು ಇನ್ನಷ್ಟು ಒತ್ತಿ ಹಿಡಿದಳು.

“ತಂದೀ ಕಡೆ, ಅಜ್ಜಿ, ಅಂತ ಬರೀರಿ ರಾಜಶ್ರೀ,” ಎಂದರು ಡಾಕ್ಟರು. “ಇವರು ಬಾಯಿ ಆಡಸ್ತ ಕೂಡೂದು ಸಿಟ್ಟಲ್ಲ, ಫಿಟ್ಸ್.”