ಜೂನ್ ಒಂದರವರ ಸರದಿ

ಯಂತ್ರಗಳು ಎಲ್ಲರ ವಯಸ್ಸನ್ನೂ ಸೆಕೆಂಡುಗಳಲ್ಲಿ ಎಣಿಸುತ್ತಿದ್ದವು. ಅರವತ್ತೆಂಟು ವರ್ಷ ಹತ್ತೊಂಬತ್ತು ದಿನಕ್ಕೆ ಎಣಿಕೆಯ ಜಾಗ ತುಂಬುತ್ತಿತ್ತು. ಆ ಕೊನೆಯ ದಿನ ಕಚೇರಿಗೆ ಹೋಗಿ ಎಣಿಕೆಯನ್ನು ದೊಡ್ಡ ಜಾಗಕ್ಕೆ ಸುರಿಸಿಕೊಳ್ಳಬೇಕು. ತಪ್ಪಿದರೆ ಎಣಿಕೆ ಸೊನ್ನೆಗಿಂತ ಕೆಳಗೆ ಬಿದ್ದು, ಯಂತ್ರಗಳ ಪಾಲಿಗೆ ಆ ಮನುಷ್ಯ ಇನ್ನೂ ಹುಟ್ಟಿಯೇ ಇಲ್ಲದವನಾಗುತ್ತಿದ್ದ. ಬಸ್ಸು ಹತ್ತಿಸಿಕೊಳ್ಳುತ್ತಿರಲಿಲ್ಲ, ಸ್ವಂತ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ.

ಅರವತ್ತು ವರ್ಷಗಳ ಹಿಂದೆ ಊರಿನ ಮೇಷ್ಟ್ರು ಶಾಲೆಗೆ ಸೇರಿದ ಮಕ್ಕಳೆಲ್ಲರ ಹುಟ್ಟಿದ ದಿನ ಒಂದೇ ವರ್ಷದ ಜೂನ್ ಒಂದು ಎಂದೇ ಬರೆದುಕೊಂಡಿದ್ದರಿಂದ, ಇವತ್ತು ಆ ಇಡೀ ತರಗತಿಯೇ ಸಾಲಿನಲ್ಲಿ ನಿಂತಿತ್ತು. ಐದು ಗಂಟೆಗೆ ಎಲ್ಲರದೂ ತುಂಬುತ್ತದೆ. ಹತ್ತು ನಿಮಿಷವಿದೆ ಎನ್ನುವಾಗ ಉಳಿದವರು ಯಮನಪ್ಪ, ಅವನ ಹಿಂದೆ ಫಕೀರವ್ವ. ಒಬ್ಬರದು ಸುರಿಯಲು ಎಂಟು ನಿಮಿಷ ಬೇಕು. ಫಕೀರವ್ವ ಬೆರಳು ಮಡಿಚಿ ನಿಮಿಷ ಎಣಿಸಿದಳು. ತಟ್ಟನೆ ಏನೋ ನೆನಪಾಯಿತು.

"ಲೇ ಯಮನ್ಯಾ, ನೀ ಹುಟ್ಟಿದ್ದು ದೀಪಾವಳಿ ಅಮಾಸಿಗೆ. ನಮ್ಮವ್ವನೇ ಸೂಲಗಿತ್ತಿ ಆಗಿದ್ಲು. ನಿಮ್ಮವ್ವನ ಹೆರಿಗಿ ಬ್ಯಾನಿ ನೋಡಾಕ ಆಕಿ ಓಡಿದಾಗ, ನಮ್ಮನಿ ಹೋಳಗಿ ಕರಕಾಗಿದ್ವಂತ."

"ಈಗ ಹೇಳ್ತಿಯಲ್ಲಬೇ! ಇಷ್ಟು ವರ್ಷ ಎಲ್ಲಿ ಹೋಗಿದ್ದಿ?"

ಕಿಟಕಿಯೊಳಗಿನ ಗುಮಾಸ್ತ ತಲೆಯೆತ್ತಿದ. "ಸಾಕ್ಷಿ ಹೆಬ್ಬಟ್ಟು ಒತ್ತಿದ್ರ ಹುಟ್ಟಿದ ದಿನ ತಿದ್ದತೀನಿ. ಒಂದ ನಿಮಿಷದ ಕೆಲಸ."

ಫಕೀರವ್ವ ಒತ್ತಿದಳು. ಐದು ತಿಂಗಳು ಗಿಟ್ಟಿಸಿಕೊಂಡ ಯಮನಪ್ಪ ಪಕ್ಕಕ್ಕೆ ಸರಿದ.

"ಅಜ್ಜಿ, ನಿಮ್ಮದೂ ತಿದ್ದಲೇನು? ನೀವು ಹುಟ್ಟಿದ್ದು ಯಾವಾಗ?"

"ಊರಾಗಿನ ಎಲ್ಲಾರದೂ ಹೇಳತಿದ್ಲು ನಮ್ಮವ್ವ. ನನ್ನದೊಂದ ನಾ ಕೇಳಲೇ ಇಲ್ಲ," ಎಂದು ಫಕೀರವ್ವ ಗಡಿಯಾರ ನೋಡಿದಳು. "ಲಗೂನ ಸುರುವಪಾ."