ಚೆಲುವಮ್ಮನೂರು

ರೆಕಾರ್ಡರಿಗೆ ಹೋದ ಮಾತು ಆಡಿದವರ ತಲೆಯಲ್ಲಿ ಉಳಿಯುವುದಿಲ್ಲವಲ್ಲ, ಹಾಗಾಗಿ ಪಾಠ ಮುಗಿದೊಡನೆ ಹುಡುಗರು ಅದನ್ನು ಮೇಷ್ಟರಿಗೊಮ್ಮೆ ಕೇಳಿಸಿ, ವಾಪಸ್ ತುಂಬಿ ಹೋಗುತ್ತಾರೆ. ಹೋದ ವಾರ ನನ್ನ ಲೋಪಸಂಧಿಯ ಪಾಠ ಹಿಡಿದುಕೊಂಡ ಶಶಿರೇಖಾ, ಬಸ್ಸಿಗೆ ತಡವಾಯಿತೆಂದು ಕೇಳಿಸದೆ ಓಡಿದಳು. ಉದಾಹರಣೆಗೆ ಹೆಂಡತಿಯ ಹೆಸರು ಬಳಸಿದ್ದೆ, ಅದೂ ಹೋಯಿತು. ಮನೆಯಲ್ಲಿ 'ಇವಳೇ' ಎಂದೇ ಕರೆಯುವುದರಿಂದ ಎಂಟು ದಿನ ಗೊತ್ತಾಗಲಿಲ್ಲ.

ಇವತ್ತು ಅವಳಿಗೆ ಜ್ವರ. ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಹೆಸರು ಕೇಳಿದ. ಬೆಂಚಿನ ಮೇಲಿದ್ದ ಅವಳನ್ನೇ ಕೇಳಲು ಧೈರ್ಯ ಸಾಲದೆ ಶಶಿರೇಖಾಗೆ ಫೋನ್ ಮಾಡಿದೆ.

"ಆ ಪಾಠ ಹಾಕವ್ವ, ಬೇಗ."

"ಚೆಲುವಮ್ಮನ ಜೊತೆ ಊರು ಸೇರಿದರೆ ಚೆಲುವಮ್ಮನೂರು," ಎಂದಿತು ನನ್ನದೇ ದನಿ.

"ಚೆಲುವಮ್ಮ!" ಎಂದು ಕೂಗಿಯೇಬಿಟ್ಟೆ.

ಅವಳು ಬೆದರಿ ಎದ್ದಳು. "ಏನ್ರೀ, ಹೆಸ್ರು ಹಿಡ್ದು ಕರೀತಿದ್ದೀರಾ? ನಾನು ಉಳಿಯಲ್ಲ ಅಂದ್ರಾ ಡಾಕ್ಟ್ರು?"