ಮಗನಿಗೆ ಮನೆ ಬೇಕಾಗಿದೆ

ಅಂಚೆಯವನು ಬಾಗಿಲು ತಟ್ಟಿದಾಗ ಎವಾರಿಸ್ತೊ ತಾನು ಗೌರವದಿಂದ ದೋನ್ಯಾ ಎಂದು ಕರೆಯುವ ಬಾಡಿಗೆ ಮನೆಯ ಒಡತಿ ಕಾಸಿಲ್ದಾಳ ತಲೆಯ ಬಲಗಡೆ ಮುಗಿಸಿ ಎಡಗಡೆಗೆ ಬಂದಿದ್ದ. ಸೋಮವಾರ ಲೊಗ್ರೊನ್ಯೊ ಪಟ್ಟಣದಲ್ಲಿ ಅವನ ಕ್ಷೌರದಂಗಡಿಗೆ ರಜೆ. ತಿಂಗಳ ಮೊದಲ ಸೋಮವಾರ ಅವನು ಮೇಲ್ಮನೆಯಿಂದ ಕತ್ತರಿ ಹಿಡಿದು ಇಳಿದು ಬಂದು, ಆಕೆಯನ್ನು ಅವಳ ಅಡುಗೆಮನೆಯಲ್ಲೇ ಕೂರಿಸಿ ಕೂದಲು ಕತ್ತರಿಸುವುದು ನಾಲ್ಕು ವರ್ಷದ ವಾಡಿಕೆ.

"ಮೇಲೆ ಬೆಲ್ ಒತ್ತಿ ಒತ್ತಿ ಸಾಕಾಯ್ತು. ಎವಾರಿಸ್ತೊ ಅಂದ್ರೆ ನೀವೇನಾ? ರಿಜಿಸ್ಟರ್ ಪತ್ರ ಇದೆ, ಇಲ್ಲೊಂದು ಸಹಿ ಹಾಕಿ" ಎಂದ ಅಂಚೆಯವನು.

ಕಾಸಿಲ್ದಾ ಹೆಗಲ ಮೇಲಿನ ಟವೆಲನ್ನು ಬಿಗಿಯಾಗಿ ಹಿಡಿದುಕೊಂಡಳು. ಮಂಗಳವಾರಕ್ಕೆ ಮುಂಚೆ ಖಂಡಿತ ತಲುಪುವುದಿಲ್ಲ ಎಂದು ಅಂಚೆ ಕಚೇರಿಯ ಹುಡುಗಿ ಹೇಳಿದ್ದಳು. ಆ ಮಾತು ನಂಬಿ ಆಕೆ ಇವತ್ತು ನೆಮ್ಮದಿಯಾಗಿ ಕತ್ತರಿಗೆ ತಲೆಯೊಡ್ಡಿ ಕೂತಿದ್ದಳು.

ಎವಾರಿಸ್ತೊ ಪತ್ರ ಒಡೆದು ಓದಿದ. ಕಳುಹಿಸಿದವರು: ಕಾಸಿಲ್ದಾ, ಕೆಳಮನೆ. ವಿಷಯ: ಬಾಡಿಗೆ ಕರಾರಿನ ಆರನೇ ಷರತ್ತಿನಂತೆ, ಮಗ ತೆಲ್ಮೊನ ವಾಸಕ್ಕೆ ಮನೆ ಬೇಕಾಗಿರುವುದರಿಂದ ಎರಡು ತಿಂಗಳಲ್ಲಿ ಖಾಲಿ ಮಾಡತಕ್ಕದ್ದು.

"ಅರ್ಧ ಗಂಟೆಯಿಂದ ನಿಮ್ಮ ತಲೆ ನನ್ನ ಕೈಲಿದೆ, ದೋನ್ಯಾ. ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಬಾಯಲ್ಲಿ ಹೇಳಿದ್ರೆ ಕಾನೂನು ಒಪ್ಪಲ್ವಂತೆ ಕಣಪ್ಪ. ಸಹಿ ಹಾಕಿ ಇಸ್ಕೊಂಡ ಕಾಗದಾನೇ ಆಗ್ಬೇಕಂತೆ, ವಕೀಲ ಹೇಳಿದ. ಮೊದಲು ಆ ಕತ್ತರಿ ಕೆಳಗಿಡು."

ಅವನು ಇಡಲಿಲ್ಲ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಐವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಮನೆ ಹುಡುಕುವುದೆಂದರೆ ಹುಡುಗಾಟವೇ? ಒಂಟಿ ಗಂಡಸಿಗೆ ಯಾರು ಕೊಡುತ್ತಾರೆ, ಅದೂ ಅಂಗಡಿಯಿರುವ ಕಟ್ಟಡದಲ್ಲೇ ಇರುವಂಥ ಮನೆ?

"ತೆಲ್ಮೊಗೆ ಯಾಕೆ ಬೇರೆ ಮನೆ? ಇಲ್ಲೇ ಇದಾನಲ್ಲ."

"ಅದೇ ತೊಂದರೆ, ಇಲ್ಲೇ ಇದಾನೆ! ಬಾಡಿಗೆದಾರನಿಗೆ ಐದು ವರ್ಷ ಅಂತ ಕಾನೂನು. ನಾನು ಇವನಿಗೆ ನಲವತ್ತೊಂದು ವರ್ಷ ಕೊಟ್ಟಿದೀನಿ. ಹೋಗೋ ಅಂದ್ರೆ ನಗ್ತಾನೆ. ಬಾಡಿಗೆದಾರ ಹೋಗ್ಲಿಲ್ಲ ಅಂದ್ರೆ ನ್ಯಾಯಾಧೀಶ ಇದಾನೆ, ಬೀಗ ತೆಗೆಸೋರಿದಾರೆ. ಮಗ ಹೋಗ್ಲಿಲ್ಲ ಅಂದ್ರೆ ಯಾರಿದಾರೆ ಹೇಳು?"

"ಅದನ್ನೂ ವಕೀಲನ್ನೇ ಕೇಳ್ಬೇಕಿತ್ತು."

"ಕೇಳಿದೆ. ಮುಖ ಕೆಂಪಗೆ ಮಾಡ್ಕೊಂಡ. ಅಷ್ಟೊತ್ತಿಗೆ ಅವರಮ್ಮ ಒಳಗಿಂದ ಕಾಫಿ ತಂದ್ಲು. ಅವನ ಕಪ್ಪಿಗೆ ಸಕ್ಕರೆ ಹಾಕಿ, ಅವಳೇ ಕಲಕಿ ಕೊಟ್ಲು."

ನಗಬಾರದೆಂದುಕೊಂಡರೂ ಎವಾರಿಸ್ತೊಗೆ ನಗು ಬಂತು. ಕಾಸಿಲ್ದಾ ನಗಲಿಲ್ಲ. "ನನಗೆ ಎಪ್ಪತ್ತೆರಡು. ನಾಳೆ ನಾನು ಕಣ್ಣು ಮುಚ್ಚಿದ್ರೆ ಇವನು ಹಸ್ಕೊಂಡೇ ಸಾಯ್ತಾನೆ, ಎವಾರಿಸ್ತೊ. ಅದೊಂದೇ ಭಯ ನನಗೆ" ಎಂದಳು.

ಅಯ್ಯೋ ಅನಿಸಿತು ಅವನಿಗೆ. ಆದರೂ ಮನೆ ಮನೆಯೇ. ಕೋರ್ಟಿನ ಅರ್ಧಕ್ಕರ್ಧ ವಕೀಲರು ಅವನಂಗಡಿಯ ಗಿರಾಕಿಗಳು. ಕೇಳಿ ಕೇಳಿ ಅವನೂ ಒಂದಿಷ್ಟು ಕಾನೂನು ಕಲಿತಿದ್ದ. "ನಾನು ಬಿಟ್ಟ ಮೂರು ತಿಂಗಳೊಳಗೆ ತೆಲ್ಮೊ ಮೇಲೆ ಬಂದು ಇರ್ಬೇಕು. ಇಲ್ಲಾಂದ್ರೆ ನಾನು ವಾಪಸ್ ಬರ್ತೀನಿ, ಸಾಮಾನು ಸಾಗಿಸಿದ ಖರ್ಚೂ ನಿಮ್ಮ ತಲೆ ಮೇಲೇ. ಅವನು ಒಪ್ಪಿದಾನಾ?"

"ನೀನು ಹೋದ್ಮೇಲೆ ಹೇಳೋಣ ಅಂತಿದ್ದೆ."

ಅಷ್ಟರಲ್ಲಿ ತೆಲ್ಮೊನೇ ಬಂದ. ಎರಡೂಕಾಲಿಗೆ ಸರಿಯಾಗಿ ನಗರಸಭೆಯ ಕಚೇರಿಯಿಂದ ಊಟಕ್ಕೆ ಬರುವುದರಲ್ಲಿ ಅವನು ಒಂದು ದಿನವೂ ತಪ್ಪಿದವನಲ್ಲ. ಒಳಗೆ ಕಾಲಿಟ್ಟವನೇ ಮೂಗೆತ್ತಿ ನೋಡಿದ.

"ಏನಮ್ಮಾ, ವಾಸನೇನೇ ಇಲ್ಲ? ಹುಷಾರಿಲ್ವಾ?"

ಎವಾರಿಸ್ತೊ ಪತ್ರವನ್ನು ಅವನ ಕೈಗಿಟ್ಟ. ತೆಲ್ಮೊ ನಿಂತಲ್ಲೇ ಓದಿ, ಅಮ್ಮನನ್ನು ನೋಡಿದ.

"ನನಗೆ ಮನೆ ಬೇಕಾಗಿದೆಯಾ? ನನಗ್ಯಾಕಮ್ಮ ಮನೆ? ನಾನಿಲ್ಲಿ ಆರಾಮಾಗಿದೀನಿ."

"ಕೇಳಿಸ್ತಲ್ಲ, ದೋನ್ಯಾ?" ಎವಾರಿಸ್ತೊಗೆ ಹೋದ ಜೀವ ಬಂದಂತಾಯಿತು. "ಇನ್ನು ಈ ಕಾಗದದಲ್ಲಿ ಕೂದಲು ಕಟ್ಟಿ ಬಿಸಾಕ್ಬಹುದು" ಎನ್ನುತ್ತ ಮತ್ತೆ ಕತ್ತರಿ ಆಡಿಸತೊಡಗಿದ.

ಕಾಸಿಲ್ದಾ ಟವೆಲಿನ ಮೇಲೆ ಬಿದ್ದ ಕೂದಲನ್ನು ಕೊಡವಿದಳು. ಆಮೇಲೆ ಕೇಳಿದಳು: "ಆ ಷರತ್ತು ಮಗನಿಗೆ ಮಾತ್ರಾನಾ? ಮನೆ ಒಡತಿ ತನಗೇ ಬೇಕು ಅಂದ್ರೆ?"

ಕತ್ತರಿ ನಿಂತಿತು. "ಕರಾರಲ್ಲಿ ಮೊದಲು ಬರೆದಿರೋದೇ ಅದು. ಯಾಕೆ?"

"ಇನ್ನೊಂದು ಪತ್ರ ಹಾಕ್ತೀನಿ. ಮೇಲಕ್ಕೆ ನಾನೇ ಹೋಗ್ತೀನಿ."

"ನಾನೆಲ್ಲಿಗೆ ಹೋಗ್ಲಿ?"

"ಇಲ್ಲಿಗೆ ಇಳಿ, ತೆಲ್ಮೊ ಜೊತೆ ಇರು. ನನ್ನ ರೂಮಿಗೆ ಬಾಲ್ಕನಿ ಇದೆ. ಅದೇ ಬಾಡಿಗೆ, ಹೊಸ ಕರಾರು, ಮತ್ತೆ ಐದು ವರ್ಷ."

ಎವಾರಿಸ್ತೊ ಯೋಚಿಸಿದ. ಬಾಲ್ಕನಿ ಸಿಗುತ್ತದೆ, ಹದಿನೆಂಟು ಮೆಟ್ಟಿಲು ಹತ್ತಿ ಇಳಿಯುವುದು ತಪ್ಪುತ್ತದೆ. ಆಮೇಲೆ ತೆಲ್ಮೊನ ಹೊಟ್ಟೆಯ ಕಡೆ ಒಮ್ಮೆ ಕಣ್ಣುಹಾಯಿಸಿದ.

"ಒಪ್ಪಿದೆ. ಆದ್ರೆ ಒಂದು ಮಾತು ಕರಾರಲ್ಲಿ ಸೇರಿಸಿ. ನಾನು ಯಾರಿಗೂ ಅಡುಗೆ ಮಾಡಿ ಹಾಕಲ್ಲ."

"ದಪ್ಪಕ್ಷರದಲ್ಲೇ ಬರೆಸ್ತೀನಿ."

ತೆಲ್ಮೊ ಇಬ್ಬರ ಮುಖವನ್ನೂ ನೋಡುತ್ತ ನಿಂತ. ಯಾರಾದರೊಬ್ಬರು ನಕ್ಕರೆ ತಾನೂ ನಗೋಣವೆಂದು ಕಾದ. ಯಾರೂ ನಗಲಿಲ್ಲ. ಕೊನೆಗೆ ಮೆಲ್ಲಗೆ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ಎತ್ತಿದ. ರಾತ್ರಿ ನೆನೆಹಾಕಿದ ಕಾಬೂಲಿ ಕಡಲೆ ನೀರಿನಲ್ಲಿ ಹಾಗೇ ಕೂತಿತ್ತು. ಬೇಯದ ಕಡಲೆಯನ್ನು ಅವನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ಅಮ್ಮಾ," ಅವನ ದನಿ ಸಣ್ಣಗಾಗಿತ್ತು, "ಇದನ್ನ ಎಷ್ಟು ಹೊತ್ತು ಬೇಯಿಸ್ಬೇಕು?"

"ಗಾಬರಿಯಾಗ್ಬೇಡ ಮಗನೇ," ಕಾಸಿಲ್ದಾ ತಲೆಯನ್ನು ಕತ್ತರಿಯತ್ತ ವಾಲಿಸುತ್ತ ಹೇಳಿದಳು, "ನಿನಗೆ ಎರಡು ತಿಂಗಳಿದೆ."